ಬೆರಳಿಗೆ ತಿಳಿಯುವ ಎತ್ತರ: ಬ್ರೈಲ್ ಚುಕ್ಕೆಗಳಿಗೆ ಹಲವು ಮಟ್ಟಗಳೇಕೆ?

ಮಂಗಳೂರಿನ ನಕ್ಷೆಯನ್ನು ಒಮ್ಮೆ ನೆನಪಿಸಿಕೊಳ್ಳಿ. ಪಶ್ಚಿಮಕ್ಕೆ ಅರಬ್ಬೀ ಸಮುದ್ರ. ಪೂರ್ವದಿಂದ ಬರುವ ನೇತ್ರಾವತಿ ಮತ್ತು ಉತ್ತರದಿಂದ ತೀರಕ್ಕೆ ಸಮಾನಾಂತರವಾಗಿ ಇಳಿಯುವ ಗುರುಪುರ ನದಿ ಅಳಿವೆಬಾಗಿಲಿನಲ್ಲಿ ಕಡಲು ಸೇರುತ್ತವೆ. ಗುರುಪುರ ನದಿಗೂ ಕಡಲಿಗೂ ನಡುವೆ ಬೆಂಗ್ರೆಯ ಕಿರಿದಾದ ಮರಳ ಪಟ್ಟಿ ಇದೆ. ನೇತ್ರಾವತಿಯ ಮೇಲೆ ರೈಲುಹಳಿ, ಹೆದ್ದಾರಿ ಎರಡೂ ಹಾದುಹೋಗುತ್ತವೆ. ಕಣ್ಣಿದ್ದವರಿಗೆ ಇವನ್ನು ಬೇರ್ಪಡಿಸಲು ನೀಲಿ, ಕಪ್ಪು, ಕೆಂಪು ಬಣ್ಣಗಳಿವೆ. ಇದೇ ನಕ್ಷೆಯನ್ನು ಒಂದೇ ಎತ್ತರದ ಉಬ್ಬುಚುಕ್ಕೆಗಳಲ್ಲಿ ಮಾಡಿ ಅಂಧ ವಿದ್ಯಾರ್ಥಿಯ ಕೈಗೆ ಕೊಟ್ಟರೆ? ಕಡಲತೀರ, ನದಿಯ ದಂಡೆ, ರೈಲುಹಳಿ, ಊರಿನ ಹೆಸರು ಎಲ್ಲವೂ ಒಂದೇ ಬಗೆಯ ಚುಕ್ಕೆಗಳು. ಬೆಂಗ್ರೆಯಂತೂ ಕಾಣೆಯಾಗುತ್ತದೆ, ಅದರ ಎರಡು ಅಂಚುಗಳು ಬೆರಳಿಗೆ ಒಂದು ದಪ್ಪ ಗೆರೆಯಾಗಿ ತೋರುತ್ತವೆ.

ಇದು ಸಣ್ಣ ತೊಡಕಲ್ಲ. ಸಿಬಿಎಸ್‌ಇ ಹತ್ತನೆಯ ತರಗತಿಯ ಸಮಾಜ ವಿಜ್ಞಾನ ಪ್ರಶ್ನೆಪತ್ರಿಕೆಯಲ್ಲಿ ನಕ್ಷೆಯ ಪ್ರಶ್ನೆಗೆ ಬದಲಾಗಿ ದೃಷ್ಟಿಹೀನರಿಗೆ ಬರಹದ ಪ್ರಶ್ನೆ ಕೊಡುತ್ತಾರೆ. ಅನುಕೂಲವೇನೋ ಹೌದು. ಆದರೆ ಕಿರಣಚಿತ್ರ, ವಿದ್ಯುನ್ಮಂಡಲ, ಆಲೇಖಗಳಿಂದಲೂ ಹೀಗೆ ವಿನಾಯಿತಿ ಕೊಡುತ್ತಾ ಹೋದರೆ ಭೌತವಿಜ್ಞಾನದಲ್ಲಿ ಉಳಿಯುವುದೇನು? ಚಿತ್ರದಿಂದ ವಿನಾಯಿತಿ ಪಡೆದ ಹುಡುಗಿ ಕೊನೆಗೆ ವಿಷಯದಿಂದಲೇ ಹೊರಗುಳಿಯುತ್ತಾಳೆ.

ಮೊದಲು ಅಕ್ಷರದ ಮಾತು. 1824ರ ಹೊತ್ತಿಗೆ, ಹದಿನೈದರ ಹರೆಯದಲ್ಲಿ, ಲೂಯಿ ಬ್ರೈಲ್ ರೂಪಿಸಿದ ಲಿಪಿಯ ಒಂದು ಕೋಶದಲ್ಲಿ ಆರು ಚುಕ್ಕೆಗಳ ಸ್ಥಾನಗಳಿವೆ. ಪ್ರತಿ ಸ್ಥಾನದಲ್ಲಿ ಚುಕ್ಕೆ ಇರಬಹುದು, ಇಲ್ಲದಿರಬಹುದು. ಹಾಗಾಗಿ ಖಾಲಿ ಕೋಶವೂ ಸೇರಿ 64 ವಿನ್ಯಾಸಗಳು. 1951ರಲ್ಲಿ ಒಪ್ಪಿತವಾದ ಭಾರತಿ ಬ್ರೈಲ್‌ನಲ್ಲಿ 1 ಮತ್ತು 3ನೆಯ ಚುಕ್ಕೆಗಳು ಸೇರಿದರೆ ಕನ್ನಡದ ‘ಕ’. ಹಿಂದಿಯ ‘ಕ’ಕ್ಕೂ ಅದೇ. ಚುಕ್ಕೆಯ ಎತ್ತರ ಸುಮಾರು ಅರ್ಧ ಮಿ.ಮೀ., ಚುಕ್ಕೆಗಳ ನಡುವಿನ ಅಂತರ ಸುಮಾರು ಎರಡೂವರೆ ಮಿ.ಮೀ. ಎತ್ತರ ಬದಲಾದರೆ ಅಕ್ಷರ ಬದಲಾಗುವುದಿಲ್ಲ. ಗಣಕದ ಯೂನಿಕೋಡ್‌ನಲ್ಲಿ ಎಂಟು ಚುಕ್ಕೆಗಳ ಬ್ರೈಲ್‌ಗೆ 256 ಸಂಕೇತಗಳಿವೆ. ಅಲ್ಲಿಯೂ ಒಂದು ಚುಕ್ಕೆಗೆ ಒಂದೇ ಬಿಟ್, ಎತ್ತರಕ್ಕೆ ಜಾಗವಿಲ್ಲ. ನನ್ನ ದೃಷ್ಟಿಯಲ್ಲಿ ಇದು ದೋಷವಲ್ಲ. ಎತ್ತರ ಬೇಕಾಗಿರುವುದು ಚಿತ್ರಕ್ಕೆ, ಅಕ್ಷರಕ್ಕಲ್ಲ.

ಬೆರಳಿಗೆ ಎತ್ತರ ಎಷ್ಟರಮಟ್ಟಿಗೆ ತಿಳಿಯುತ್ತದೆ? ಎರಡು ಪ್ರಶ್ನೆಗಳನ್ನು ಇಲ್ಲಿ ಬೆರೆಸಬಾರದು. ನುಣುಪಾದ ಮೇಲ್ಮೈಯಲ್ಲಿ ಬೆರಳು ಜಾರಿಸಿದರೆ ಕೆಲವೇ ಮೈಕ್ರೋಮೀಟರ್ ಎತ್ತರದ ಉಬ್ಬನ್ನೂ ಪತ್ತೆ ಹಚ್ಚಬಹುದು. ಆದರೆ ‘ಇದು ಮೂರನೆಯ ಮಟ್ಟವೇ, ನಾಲ್ಕನೆಯದೇ’ ಎಂದು ಗುರುತಿಸುವುದು ಬೇರೆಯೇ ಕೆಲಸ. ನೀವೇ ಪರೀಕ್ಷಿಸಿ. ಹಳೆಯ ಮದುವೆ ಕಾಗದವೊಂದನ್ನು ನಾಲ್ಕೈದು ಮಡಿಕೆ ವೃತ್ತಪತ್ರಿಕೆಯ ಮೇಲಿಟ್ಟು, ಮುಗಿದ ಬಾಲ್‌ಪೆನ್ನಿನಿಂದ ಹಿಂಬದಿಯಲ್ಲಿ ಮೆಲ್ಲಗೆ, ಸಾಧಾರಣವಾಗಿ, ಜೋರಾಗಿ ಒತ್ತಿ ಚುಕ್ಕೆಗಳ ಸಾಲುಗಳನ್ನು ಮಾಡಿ. ಕಾಗದ ಮಗುಚಿ, ಕಣ್ಣುಮುಚ್ಚಿ ಸವರಿ. ಎರಡು ಮಟ್ಟಗಳು ಸುಲಭ, ಮೂರು ಸಾಧ್ಯ, ಐದೆಂದರೆ ಗೊಂದಲ. ಸ್ಪರ್ಶದಲ್ಲಿ ಲೆಕ್ಕಕ್ಕೆ ಬರುವುದು ವ್ಯತ್ಯಾಸಕ್ಕಿಂತ ಅನುಪಾತ ಎಂಬುದನ್ನು ವೇಬರ್ ಹತ್ತೊಂಬತ್ತನೆಯ ಶತಮಾನದಲ್ಲೇ ಕಂಡುಕೊಂಡಿದ್ದ. ಆದ್ದರಿಂದ ಮಟ್ಟಗಳನ್ನು 0.2, 0.4, 0.6 ಮಿ.ಮೀ. ಎಂದು ಕೂಡುತ್ತಾ ಹೋಗುವುದಕ್ಕಿಂತ 0.2, 0.4, 0.8 ಎಂದು ಗುಣಿಸುತ್ತಾ ಹೋಗುವುದು ಮೇಲು. ತೊಂದರೆಯೆಂದರೆ, ಮಿತಿಮೀರಿ ಹಿಗ್ಗಿಸಿದರೆ ಕಾಗದ ಹರಿಯುತ್ತದೆ.

ಈ ದಾರಿಯಲ್ಲಿ ಮುಂದೆ ನಡೆದವರಲ್ಲೊಬ್ಬರು ಭೌತವಿಜ್ಞಾನಿಯೇ. ಅಮೆರಿಕದ ಓರೆಗಾನ್ ರಾಜ್ಯ ವಿಶ್ವವಿದ್ಯಾಲಯದ ಜಾನ್ ಗಾರ್ಡ್ನರ್ 1988ರಲ್ಲಿ ದೃಷ್ಟಿ ಕಳೆದುಕೊಂಡರು. ತಮಗೇ ಆಲೇಖಗಳು ಬೇಕಾಗಿದ್ದವು. ಅವರ ತಂಡದ ಕೆಲಸದಿಂದ ‘ಟೈಗರ್’ ಎಂಬ ಉಬ್ಬುಮುದ್ರಕ ಬಂತು. ಅದು ಅಂಗುಲಕ್ಕೆ 20 ಚುಕ್ಕೆಗಳನ್ನು, ಎಂದರೆ 1.27 ಮಿ.ಮೀ. ಅಂತರದಲ್ಲಿ, ಬೇರೆಬೇರೆ ಎತ್ತರಗಳಲ್ಲಿ ಮೂಡಿಸಬಲ್ಲದು. ಚಿತ್ರದಲ್ಲಿ ಬಣ್ಣ ಗಾಢವಾದಷ್ಟೂ ಚುಕ್ಕೆ ಎತ್ತರ.

ಇಲ್ಲೊಂದು ಬಲೆಯಿದೆ. ಭೂಪಟಗಳಲ್ಲಿ ಆಳ ಹೆಚ್ಚಿದಂತೆ ಸಮುದ್ರದ ನೀಲಿ ಗಾಢವಾಗುತ್ತದೆ. ಅದನ್ನು ಹಾಗೇ ಮುದ್ರಕಕ್ಕೆ ಕೊಟ್ಟರೆ ಅರಬ್ಬೀ ಸಮುದ್ರ ಎತ್ತರದ ಪ್ರಸ್ಥಭೂಮಿಯಾಗಿ, ಕದ್ರಿ ಗುಡ್ಡ ಅದರ ಪಕ್ಕದ ತಗ್ಗಾಗಿ ಬೆರಳಿಗೆ ಸಿಗುತ್ತದೆ! ಚಿತ್ರವನ್ನು ಸ್ಪರ್ಶಕ್ಕಾಗಿಯೇ ಮತ್ತೆ ಬರೆಯಬೇಕು. ನಮ್ಮ ನಕ್ಷೆಯಲ್ಲಿ ಕಡಲತೀರಕ್ಕೆ ಎತ್ತರದ ಗೆರೆ, ನದಿಗೆ ತಗ್ಗಿನ ಗೆರೆ, ನೀರಿನ ಮೈಗೆ ಇನ್ನೂ ತಗ್ಗಾದ ವಿರಳ ಚುಕ್ಕೆಗಳು. ಗೆರೆಗಳ ನಡುವೆ ಸುಮಾರು 3 ಮಿ.ಮೀ. ತೆರವು ಬೇಕು. ಅಷ್ಟು ಜಾಗವಿಲ್ಲದ ಬೆಂಗ್ರೆಯಂಥ ಕಡೆಯೇ ಎತ್ತರದ ವ್ಯತ್ಯಾಸ ನೆರವಿಗೆ ಬರುತ್ತದೆ.

ಕಾಗದವಿಲ್ಲದ ಬ್ರೈಲ್ ಫಲಕಗಳ ಸ್ಥಿತಿ ಬೇರೆ. ಅವುಗಳಲ್ಲಿ ಬಹುಪಾಲಿನ ಕಡ್ಡಿಗಳು ಏಳುತ್ತವೆ ಅಥವಾ ಮಲಗುತ್ತವೆ, ನಡುವಿನ ಸ್ಥಿತಿಯಿಲ್ಲ. 2024ರಲ್ಲಿ ಮಾರುಕಟ್ಟೆಗೆ ಬಂದ ಹತ್ತು ಸಾಲುಗಳ ‘ಮೊನಾರ್ಕ್’ ಕೂಡ ಹೀಗೆಯೇ. ಆರ್ಬಿಟ್ ರಿಸರ್ಚ್ ಸಂಸ್ಥೆಯ ‘ಗ್ರಾಫಿಟಿ’ಯಲ್ಲಿ ಮಾತ್ರ 60×40, ಎಂದರೆ 2400 ಕಡ್ಡಿಗಳನ್ನು ಒಂದೊಂದಾಗಿ ಬೇರೆಬೇರೆ ಎತ್ತರಕ್ಕೆ ಏರಿಸಬಹುದು. ಮಾಹಿತಿಯ ಹೊರೆಯೇನೂ ದೊಡ್ಡದಲ್ಲ. ಎರಡು ಸ್ಥಿತಿಗಳಾದರೆ ಒಂದು ಚಿತ್ರಕ್ಕೆ 300 ಬೈಟ್. ಎಂಟು ಮಟ್ಟಗಳಾದರೆ 900 ಬೈಟ್, ಅಷ್ಟೆ.

ಹಾಗಾದರೆ ಕಡತದಲ್ಲಿ ಏನು ಬರೆದಿಡಬೇಕು? ಡೈಸಿ ಒಕ್ಕೂಟದಲ್ಲಿ ರೂಪುಗೊಂಡ ‘ಇ-ಬ್ರೈಲ್’ ಮಾದರಿ ಬರಹವನ್ನೂ ಸ್ಪರ್ಶಚಿತ್ರವನ್ನೂ ಒಂದೇ ಕಟ್ಟಿನಲ್ಲಿ ಇರಿಸುತ್ತದೆ. ಇಂಥ ಕಡತದಲ್ಲಿ ‘ಈ ಗೆರೆ 0.8 ಮಿ.ಮೀ.’ ಎಂದು ಬರೆಯುವುದು ಜಾಣತನವಲ್ಲ. ಅಷ್ಟು ಎತ್ತರಿಸಲಾಗದ ಯಂತ್ರ ಏನು ಮಾಡೀತು? ‘ಇದು ತೀರ, ಪ್ರಧಾನ ಗೆರೆ, ಇದು ನದಿ, ಎರಡನೆಯದು’ ಎಂದು ಬರೆದರೆ, ಮಟ್ಟಗಳಿರುವ ಯಂತ್ರ ಎತ್ತರವನ್ನು ಬಳಸುತ್ತದೆ, ಇಲ್ಲದ್ದು ತುಂಡುಗೆರೆಯನ್ನೋ ಜೋಡಿಗೆರೆಯನ್ನೋ ಬಳಸುತ್ತದೆ.

ನಮ್ಮ ದೇಶದಲ್ಲಿ ದೆಹಲಿಯ ಐಐಟಿಯ ತಂಡ ಇನ್ನೊಂದು ಹಾದಿ ಹಿಡಿಯಿತು. ಮೂರು ಆಯಾಮದ ಅಚ್ಚು ತಯಾರಿಸಿ, ಬಿಸಿಮಾಡಿದ ಪ್ಲಾಸ್ಟಿಕ್ ಹಾಳೆಯನ್ನು ನಿರ್ವಾತದಿಂದ ಅದರ ಮೇಲೆ ಎಳೆದು ಎನ್‌ಸಿಇಆರ್‌ಟಿ ಪಠ್ಯಗಳ ಚಿತ್ರಗಳನ್ನು ಮೂಡಿಸಿದರು. ಇಲ್ಲಿ ಎತ್ತರಗಳು ಅಚ್ಚಿನಲ್ಲೇ ಇರುತ್ತವೆ, ಹಾಳೆ ಹರಿಯುವ ಭಯ ಕಡಿಮೆ. ಕರಾವಳಿಗೆ ಇದರಿಂದ ಇನ್ನೊಂದು ಲಾಭವೂ ಇದೆ. ಮಳೆಗಾಲದ ತೇವ ಹೀರಿದ ಕಾಗದದ ನಾರು ಮೆತ್ತಗಾಗುತ್ತದೆ, ನೂರಾರು ಬೆರಳುಗಳು ಸವರಿದ ಚುಕ್ಕೆ ಕುಸಿಯುತ್ತದೆ. ಮೊದಲು ಅಳಿಸಿಹೋಗುವುದು ತಗ್ಗಿನ ಮಟ್ಟ. ಜುಲೈ ತಿಂಗಳಲ್ಲಿ ಕಾಗದದ ನಕ್ಷೆಯ ಮೇಲೆ ನೇತ್ರಾವತಿಯನ್ನು ಉಳಿಸಿಕೊಳ್ಳಬೇಕಾದರೆ ಎರಡೇ ಮಟ್ಟಗಳಿಗೆ ತೃಪ್ತರಾಗಬೇಕು, ಉಳಿದುದನ್ನು ಗೆರೆಯ ವಿನ್ಯಾಸಕ್ಕೆ ಬಿಡಬೇಕು.