ಪ್ರವೇಶಪರೀಕ್ಷೆಯ ವ್ಯಾಕರಣ, ಗಣಿತ

ಪ್ರಶ್ನೆ: ಪದವಿ ಮುಗಿಸಿ ತರಗುಪೇಟೆಯ ಧಾನ್ಯದ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದೇನೆ. ಎಂ.ಬಿ.ಎ. ಪ್ರವೇಶಪರೀಕ್ಷೆಗೆ ಹೇಗೆ ಸಿದ್ಧನಾಗಲಿ?

ಉತ್ತರ: ಮಲ್ಲೇಶ್ವರದ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ನಡೆಯಿಸುವ ಪಿಜಿಸಿಇಟಿ ಎಂಬ ಪ್ರವೇಶಪರೀಕ್ಷೆಯು ಇಂಗ್ಲಿಷ್, ತರ್ಕ, ಸಾಮಾನ್ಯಜ್ಞಾನಗಳೊಡನೆ ಅಪೇಕ್ಷಿಸುವ ಗಣಿತದಲ್ಲಿ ಶೇಕಡಾ, ಅನುಪಾತ, ಬಡ್ಡಿ, ಲಾಭನಷ್ಟಗಳಿಗೆ ಪ್ರಮುಖ ಸ್ಥಾನವಿರುವುದರಿಂದ, ನಿಮ್ಮ ನಿತ್ಯವೃತ್ತಿಯೇ ಒಂದು ಉತ್ತಮ ಅಧ್ಯಯನವಾಗಿದೆ. ಕಿಲೋಗೆ 100 ರೂಪಾಯಿಯಿದ್ದ ತೊಗರಿಬೇಳೆಯು ಶೇಕಡಾ 25 ಏರಿ 125 ಆದಮೇಲೆ, ಹಿಂದಿನ ಬೆಲೆಗೆ ಮರಳಲು ಶೇಕಡಾ 20 ಇಳಿದರೆ ಸಾಕೆಂಬುದರ ಕಾರಣವನ್ನು ಬಲ್ಲವರಿಗೆ ಗಣಿತದ ಭಯ ಅನಾವಶ್ಯಕ. ಹೆಚ್ಚಿನ ಶ್ರಮವನ್ನು ಬೇಡುವುದು ಇಂಗ್ಲಿಷ್ ವ್ಯಾಕರಣವೇ: ಕನ್ನಡದಲ್ಲಿಲ್ಲದ ‘ಎ’, ‘ದಿ’ಗಳ ಪ್ರಯೋಗದಲ್ಲಿಯೂ, ಕರ್ತೃವಿನಿಂದ ದೂರ ಸರಿದ ಕ್ರಿಯಾಪದದ ವಚನದಲ್ಲಿಯೂ ನಮ್ಮವರು ಎಡವುವುದು ಸಹಜ. ಆದಕಾರಣ ನಿಯಮಗಳನ್ನು ಕಂಠಪಾಠ ಮಾಡುವುದರ ಬದಲು, ತಪ್ಪಿದ ಪ್ರತಿಯೊಂದು ವಾಕ್ಯವನ್ನೂ ಕಾರಣಸಹಿತ ಬರೆದಿಡಿರಿ. ಹಳೆಯ ಪ್ರಶ್ನಪತ್ರಿಕೆಗಳನ್ನು ಗಡಿಯಾರವಿಟ್ಟು ಬಿಡಿಸಿರಿ.