ಸರಕಿನ ದೋಣಿಯಲ್ಲಿ ಚಳಿಗಾಲದ ವಿಹಾರ: ಬಾಡಿಗೆಯ ಲೆಕ್ಕ, ಹೊರೆಯ ಮಿತಿ

ಕಡಲೆಕಾಯಿ ಖರೀದಿಯ ಭರಾಟೆ ಇಳಿದು, ಹುಣಸೆಹಣ್ಣು ಮಾರುಕಟ್ಟೆಗೆ ಬರುವ ಮುನ್ನ, ಡಿಸೆಂಬರ್-ಜನವರಿಯಲ್ಲಿ ಮಧುಗಿರಿ, ಶಿರಾ ಭಾಗದ ವರ್ತಕರಿಗೆ ತುಸು ಬಿಡುವು ದೊರೆಯುತ್ತದೆ. ಈ ಬಿಡುವಿನಲ್ಲಿ ಮಿತ್ರರೊಡಗೂಡಿ ದೋಣಿಯಲ್ಲಿ ಒಂದು ರಾತ್ರಿ ಕಳೆಯಬಯಸುವ ಸದಸ್ಯರಿಗೆ ಈ ಲೇಖನ ಉಪಯುಕ್ತವಾದೀತು. ನಮ್ಮ ಜಯಮಂಗಲಿಯಲ್ಲಿ ದೋಣಿ ಸಾಗುವಷ್ಟು ನೀರಿಲ್ಲ, ಘಟ್ಟ ಇಳಿಯಲೇಬೇಕು. ಆಲಪ್ಪುಳದ ಹೆಸರನ್ನು ಎಲ್ಲರೂ ಬಲ್ಲರು. ಅದಕ್ಕಿಂತ ನಮಗೆ ಸಮೀಪದ್ದು ಕಾಸರಗೋಡು ಜಿಲ್ಲೆಯ ವಲಿಯಪರಂಬ ಹಿನ್ನೀರು. ನೀಲೇಶ್ವರದ ಬಳಿಯ ಕೋಟ್ಟಪ್ಪುರಂನಿಂದ ಅಲ್ಲಿ ಹೌಸ್‌ಬೋಟುಗಳು ಹೊರಡುತ್ತವೆ. ದಾರಿಯಲ್ಲಿ, ಕೆಳದಿಯ ಶಿವಪ್ಪನಾಯಕನ ಹೆಸರಿನೊಡನೆ ಸೇರಿರುವ ಬೇಕಲ ಕೋಟೆಯನ್ನೂ ನೋಡಬಹುದು.

ಈ ಹೌಸ್‌ಬೋಟ್ ಮೂಲತಃ ವಿಹಾರದ ವಾಹನವಲ್ಲ, ವ್ಯಾಪಾರದ ವಾಹನ. ಮಲಯಾಳದಲ್ಲಿ ಇದರ ಹೆಸರು ಕೆಟ್ಟುವಳ್ಳಂ. ಅಲ್ಲಿನ 'ಕೆಟ್ಟು' ನಮ್ಮ 'ಕಟ್ಟು' ಎಂಬುದೇ, ಕೆಟ್ಟದ್ದೇನೂ ಅಲ್ಲ. ಹೆಬ್ಬಲಸಿನ ಹಲಗೆಗಳನ್ನು ಮೊಳೆ ಬಳಸದೆ ತೆಂಗಿನ ನಾರಿನ ಹುರಿಯಿಂದ ಹೊಲಿದು ಬಿಗಿದು, ಗೇರುಬೀಜದ ಸಿಪ್ಪೆಯಿಂದ ತೆಗೆದ ಎಣ್ಣೆಯನ್ನು ಲೇಪಿಸಿ ಇದನ್ನು ಸಿದ್ಧಪಡಿಸುತ್ತಿದ್ದರು. ಕುಟ್ಟನಾಡಿನ ಅಕ್ಕಿ, ಮಸಾಲೆ ಪದಾರ್ಥಗಳು ಇದರಲ್ಲಿಯೇ ಕೊಚ್ಚಿಗೆ ಹೋಗುತ್ತಿದ್ದವು. ರಸ್ತೆ, ಸೇತುವೆಗಳಾಗಿ ಲಾರಿ ಬಂದ ಮೇಲೆ ದೋಣಿಗೆ ಸರಕು ತಪ್ಪಿತು. 1990ರ ದಶಕದಲ್ಲಿ ಅದೇ ಒಡಲಿನ ಮೇಲೆ ಕೊಠಡಿ ಕಟ್ಟಿ ಪ್ರವಾಸಿಗರನ್ನು ಹತ್ತಿಸುವ ಉದ್ಯಮ ಬೆಳೆಯಿತು.

ಇಂಗ್ಲೆಂಡಿನ 'ನ್ಯಾರೋಬೋಟ್'ಗಳ ಕಥೆಯೂ ಹೆಚ್ಚುಕಡಿಮೆ ಇದೇ. ಸುಮಾರು 7 ಅಡಿ ಅಗಲದ, 70 ಅಡಿ ಉದ್ದದ ಆ ದೋಣಿಯನ್ನು ದಡದ ಮೇಲೆ ನಡೆಯುವ ಒಂದೇ ಕುದುರೆ 25 ಟನ್ ಸರಕಿನೊಡನೆ ಎಳೆಯುತ್ತಿತ್ತು. ಅಷ್ಟು ಭಾರವನ್ನು ರಸ್ತೆಯಲ್ಲಿ ಸಾಗಿಸಲು ಎಷ್ಟು ಎತ್ತಿನ ಗಾಡಿಗಳು ಬೇಕೆಂಬುದನ್ನು ನಮ್ಮ ವರ್ತಕರಿಗೆ ಹೇಳಬೇಕಾಗಿಲ್ಲ. 1761ರಲ್ಲಿ ಬ್ರಿಜ್‌ವಾಟರ್ ಕಾಲುವೆ ತೆರೆದಾಗ ಮ್ಯಾಂಚೆಸ್ಟರಿನಲ್ಲಿ ಕಲ್ಲಿದ್ದಲಿನ ಬೆಲೆ ಅರ್ಧದಷ್ಟು ಇಳಿಯಿತೆನ್ನುತ್ತಾರೆ. ರೈಲು ಮತ್ತು ಲಾರಿಗಳ ಪೈಪೋಟಿಯಲ್ಲಿ ಸೊರಗಿದ್ದ ಈ ಸಾಗಣೆಗೆ 1962-63ರ ಚಳಿಗಾಲ ಕೊನೆಯ ಪೆಟ್ಟು ನೀಡಿತು. ವಾರಗಟ್ಟಲೆ ಕಾಲುವೆಗಳು ಹೆಪ್ಪುಗಟ್ಟಿ ದೋಣಿಗಳು ನಿಂತಲ್ಲೇ ನಿಂತವು. ಇಂದು ಆ ಕಾಲುವೆಗಳಲ್ಲಿ ಹೆಚ್ಚಾಗಿ ತೇಲುವುದು ವಿಹಾರಿಗಳೇ.

ಇನ್ನು ಬಾಡಿಗೆಯ ವಿಚಾರ. ಹೌಸ್‌ಬೋಟನ್ನು ಸಾಮಾನ್ಯವಾಗಿ ಇಡಿಯಾಗಿ ಗೊತ್ತುಮಾಡುತ್ತಾರೆ. ಚಾಲಕ, ಅಡುಗೆಯವರು, ಊಟೋಪಚಾರ ಅದರಲ್ಲಿ ಸೇರಿರುತ್ತವೆ. ಕ್ರಿಸ್‌ಮಸ್‌ನಿಂದ ಹೊಸವರ್ಷದವರೆಗೆ ದರ ಅತ್ಯಧಿಕ. ಜನವರಿಯ ನಡುವಾರಗಳಲ್ಲಿ ಚೌಕಾಶಿಗೆ ಅವಕಾಶವುಂಟು. ಉದಾಹರಣೆಗೆ, ಮೂರು ಕೊಠಡಿಯ ದೋಣಿಗೆ 18,000 ರೂಪಾಯಿ ಎಂದಿಟ್ಟುಕೊಳ್ಳೋಣ. ಆರು ಜನರಾದರೆ ತಲೆಗೆ 3,000. ಒಂಬತ್ತು ಜನರಾದರೆ 2,000. ಇನ್ನೂ ಮೂವರನ್ನು ಹತ್ತಿಸಿಕೊಂಡರಾಯಿತೆಂಬ ಆಸೆ ಹುಟ್ಟುವುದು ಇಲ್ಲಿಯೇ.

ಈ ಲೆಕ್ಕ ದೋಣಿಗೆ ಒಗ್ಗುವುದಿಲ್ಲ. ಅಕ್ಕಿಮೂಟೆ ತಳದಲ್ಲಿ ಅಲುಗದೆ ಕೂರುತ್ತದೆ. ಭಾರ ಕೆಳಗಿದ್ದಷ್ಟೂ ದೋಣಿ ಸ್ಥಿರ. ಮನುಷ್ಯರು ಹಾಗಲ್ಲ. ಛಾಯಾಚಿತ್ರಕ್ಕೆಂದು ಎಲ್ಲರೂ ಮೇಲಟ್ಟದ ಒಂದೇ ಬದಿಗೆ ಧಾವಿಸಿದರೆ ಭಾರ ಮೇಲಕ್ಕೂ ಪಕ್ಕಕ್ಕೂ ಸರಿದು ದೋಣಿ ವಾಲುತ್ತದೆ. 2023ರ ಮೇ 7ರಂದು ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ಮಗುಚಿದ ವಿಹಾರ ದೋಣಿಯಲ್ಲಿ ಮಕ್ಕಳೂ ಸೇರಿ 22 ಮಂದಿ ಪ್ರಾಣ ಕಳೆದುಕೊಂಡರು. ಅದು ಮೀನುಗಾರಿಕೆಯ ದೋಣಿಯನ್ನು ಮಾರ್ಪಡಿಸಿದ್ದು. ಮಿತಿಮೀರಿ ಜನರನ್ನು ತುಂಬಲಾಗಿತ್ತು. ಲಾರಿಗೆ ಹೆಚ್ಚು ಹೊರೆ ಹೇರಿದರೆ ದಂಡ ತೆತ್ತು ಪಾರಾಗಬಹುದು, ನೀರಿನ ಮೇಲೆ ಆ ಸೌಕರ್ಯವಿಲ್ಲ.

ಆದಕಾರಣ ಮುಂಗಡ ಕೊಡುವ ಮೊದಲೇ ದೋಣಿಯ ನೋಂದಣಿ ಪತ್ರವನ್ನೂ, ಅನುಮತಿಸಿದ ಪ್ರಯಾಣಿಕರ ಸಂಖ್ಯೆಯನ್ನೂ ಕೇಳಿ ನೋಡಬೇಕು. ಕೊಠಡಿಯಲ್ಲಿ ಹೆಚ್ಚುವರಿ ಹಾಸಿಗೆ ಹಾಕಿಕೊಡುತ್ತೇವೆಂಬ ಮಾತು ಆ ಸಂಖ್ಯೆಯನ್ನು ಹೆಚ್ಚಿಸುವುದಿಲ್ಲ. ಲೈಫ್ ಜಾಕೆಟ್‌ಗಳು ತಲೆಗೊಂದರಂತೆ ಕೈಗೆ ಸಿಗುವಲ್ಲಿರಬೇಕು. ಬೀಗ ಹಾಕಿದ ಪೆಟ್ಟಿಗೆಯಲ್ಲಿದ್ದರೆ ಇಲ್ಲದಂತೆಯೇ. ಅಡುಗೆ ಅನಿಲ ಹಾಗೂ ಜನರೇಟರ್ ಇರುವ ಕಡೆ ಅಗ್ನಿಶಾಮಕ ಉಪಕರಣವಿದೆಯೇ ಎಂಬುದನ್ನೂ ಗಮನಿಸುವುದು ಒಳಿತು. ಸಂಖ್ಯೆ ಮೀರಿದರೆ ಎರಡು ದೋಣಿ ಗೊತ್ತುಮಾಡಿ ಊಟಕ್ಕೆ ಒಂದೆಡೆ ಕಟ್ಟಿಸಿಕೊಳ್ಳಬಹುದು.

ಕೇರಳದ ಹೌಸ್‌ಬೋಟುಗಳು ಸಾಮಾನ್ಯವಾಗಿ ಮಧ್ಯಾಹ್ನ ಹೊರಟು, ಸಂಜೆ ಐದೂವರೆ-ಆರರ ಹೊತ್ತಿಗೆ ಲಂಗರು ಹಾಕುತ್ತವೆ. ಆ ಬಳಿಕ ನೀರು ಬಲೆ ಬೀಸುವ ಮೀನುಗಾರರದು. ಬೆಳಗಿನ ಉಪಾಹಾರವಾದೊಡನೆ ಇಳಿಯಬೇಕಾಗುತ್ತದೆ. ಬಾಡಿಗೆ ಒಂದು ದಿನದ್ದಾದರೂ ದೋಣಿ ಚಲಿಸುವುದು ನಾಲ್ಕೈದು ಗಂಟೆ ಮಾತ್ರ. ಆದುದರಿಂದ ಬೆಳಿಗ್ಗೆಯೇ ನೀಲೇಶ್ವರ ತಲಪುವಂತೆ ಊರಿನಿಂದ ಹಿಂದಿನ ಸಂಜೆಯೇ ಹೊರಡುವುದು ಮೇಲು.