ಜೀವಕಣದ ಬೀಗವೂ ಕೀಲಿಕೈಯೂ

ಚಳ್ಳಕೆರೆಯಲ್ಲಿ ಶೇಂಗಾಮೂಟೆ ಹೊರುವವನ ಹೆಗಲಿನಲ್ಲಿಯೂ ಮೊಳಕಾಲ್ಮೂರಿನಲ್ಲಿ ಲಾಳಿ ಎಸೆಯುವ ನೇಕಾರನ ತೋಳಿನಲ್ಲಿಯೂ ಕೆಲಸ ಮಾಡಿಸುವುದು ಕ್ಯಾಲ್ಸಿಯಮ್, ಎಂದರೆ ನಾವು ವೀಳ್ಯಕ್ಕೆ ಹಚ್ಚುವ ಸುಣ್ಣದ ಧಾತು. ಜೀವಕಣದ ರಸದಲ್ಲಿ ಅದು ಹೊರಗಿನದರ ಸುಮಾರು ಹತ್ತುಸಾವಿರದಲ್ಲೊಂದು ಪಾಲು ಮಾತ್ರ. ಹೆಚ್ಚಾಗಿ ನಿಂತರೆ ಕಣವೇ ಸಾಯುವುದು. ಆದಕಾರಣ ಅದು ಒಳಗಿನ ಉಗ್ರಾಣದಲ್ಲಿ ಬೀಗದ ಹಿಂದೆ ಇರುತ್ತದೆ. ಹೊರಗಿನ ಸಂದೇಶವು ಪೊರೆಯನ್ನು ತಟ್ಟಿದೊಡನೆ ಆ ಪೊರೆಯ ಕೊಬ್ಬಿನಿಂದಲೇ ಸೀಳಿಬರುವ ಐಪಿ-3 ಎಂಬ ಪುಟ್ಟ ಅಣುವು ಅನೇಕ ಕಣಗಳಲ್ಲಿ ಆ ಬೀಗಕ್ಕೆ ಕೀಲಿಕೈ. ಇದು 1983ರಲ್ಲಿ ತಿಳಿಯಿತು. (ನೇಕಾರನ ತೋಳಿನ ಸ್ನಾಯುವಿಗೆ ಬೀಗ ಬೇರೆ, ಅವನ ರಕ್ತನಾಳಗಳ ಗೋಡೆಯಲ್ಲಿ ಇದುಂಟು.) ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಗೈತಿ ಹಸನ್ ಅವರ ತಂಡವು, ಈ ಬೀಗ ಕೆಟ್ಟ ಹಣ್ಣಿನ ನೊಣಗಳು ಹಾರಲಾರವೆಂದು 2004ರಲ್ಲಿ ತೋರಿಸಿತು. ಕೆಲವು ನರಕಣಗಳಿಗೆ ಮಾತ್ರ ಒಳ್ಳೆಯ ಬೀಗವನ್ನು ಮರಳಿಸಲು, ಅವು ಹಾರಿದವು.